ಚಾರ್ಜ್ ಅಂದರೆ ತುಂಬುವುದು ಏನನ್ನು?

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ್ನು ‘ದುರ್ಗಕ್ಕೆ ಎಷ್ಟ್ರೀ ಚಾರ್ಜು?’ ಎಂದು ಕೇಳಿದರೆ ಉತ್ತರ ರೂಪಾಯಿಯಲ್ಲಿ ಬರುತ್ತದೆ. ಅದೇ ಬಸ್ಸಿನಲ್ಲಿ ಪಕ್ಕದವರನ್ನು ‘ಫೋನಿನಾಗ ಎಷ್ಟು ಚಾರ್ಜ್ ಐತಿ?’ ಎಂದರೆ ಉತ್ತರ ಪರ್ಸೆಂಟಿನಲ್ಲಿ. ಬ್ಯಾಟರಿ ಅಂಗಡಿಯಲ್ಲಿ ಬರೀ ‘ಚಾರ್ಜ್ ಎಷ್ಟು?’ ಎಂದರೆ ಅಂಗಡಿಯವರು ಒಂದು ಕ್ಷಣ ಮುಖ ನೋಡುತ್ತಾರೆ. ಕೇಳುತ್ತಿರುವುದು ಬ್ಯಾಟರಿಯ ಸ್ಥಿತಿಯನ್ನೋ, ಕೊಡಬೇಕಾದ ದುಡ್ಡನ್ನೋ? ತಾಲ್ಲೂಕು ಕಚೇರಿಗೆ ಹೋದರೆ ಹೊಸ ಸಾಹೇಬರು ‘ಚಾರ್ಜ್ ತಗೊಂಡಿರುತ್ತಾರೆ’. ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಗಲಾಟೆಯಾದರೆ ಲಾಠಿ ಚಾರ್ಜ್ ಮಾಡುತ್ತಾರೆ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲಕ್ಕೆ ಹಮಾಲಿ ಚಾರ್ಜ್ ಬೀಳುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್ ಇರುತ್ತದೆ. ಹೊಳಲ್ಕೆರೆಯ ತೋಟದಲ್ಲಿ ಬೋರ್‌ವೆಲ್ ರೀಚಾರ್ಜ್ ಮಾಡಿಸುತ್ತಾರೆ, ಆಸ್ಪತ್ರೆಯಿಂದ ರೋಗಿ ಡಿಸ್ಚಾರ್ಜ್ ಆಗುತ್ತಾರೆ.

ಇಂಗ್ಲಿಷಿನ ಅಕ್ಷರವೇ ಗೊತ್ತಿಲ್ಲದವರೂ ಈ ಪದವನ್ನು ಇಷ್ಟೂ ಕಡೆ ಸರಿಯಾಗಿ ಬಳಸುತ್ತಾರೆ. ಅರ್ಥಗಳು ಒಂದರೊಳಗೊಂದು ಕಲೆತುಹೋಗುವುದು ತೀರ ಅಪರೂಪ. ಇದು ಹೇಗೆ ಸಾಧ್ಯ ಎಂಬುದನ್ನು ಭಾಷಾವಿಜ್ಞಾನಿಗಳು ಪ್ರಯೋಗ ಮಾಡಿಯೇ ನೋಡಿದ್ದಾರೆ. 1979ರಲ್ಲಿ ಅಮೆರಿಕದ ಡೇವಿಡ್ ಸ್ವಿನ್ನಿ ಎರಡು ಅರ್ಥವಿರುವ ಪದಗಳನ್ನು ವಾಕ್ಯದಲ್ಲಿ ಕೇಳಿಸಿ, ಕೇಳುಗರ ಮನಸ್ಸಿನಲ್ಲಿ ಆ ಕ್ಷಣಕ್ಕೆ ಯಾವ ಅರ್ಥ ಎದ್ದಿದೆ ಎಂದು ಪರೀಕ್ಷಿಸಿದರು. ಸಂದರ್ಭ ಎಷ್ಟೇ ಸ್ಪಷ್ಟವಾಗಿದ್ದರೂ ಪದ ಕಿವಿಗೆ ಬಿದ್ದ ಕೂಡಲೇ ಎರಡೂ ಅರ್ಥಗಳು ಏಳುತ್ತವೆ; ಇನ್ನೊಂದು ಮೂರು ಉಚ್ಚಾರಾಂಶ ಕೇಳುವಷ್ಟರಲ್ಲಿ ಬೇಡದ ಅರ್ಥ ಅಡಗಿ, ಬೇಕಾದದ್ದು ಮಾತ್ರ ಉಳಿಯುತ್ತದೆ. ಈ ಆಯ್ಕೆ ನಮಗೆ ಅರಿವಾಗುವುದೇ ಇಲ್ಲ. ಹೆಚ್ಚು ಬಳಕೆಯಾಗುವ ಪದಕ್ಕೆ ಹೆಚ್ಚು ಅರ್ಥ ಎಂಬುದಕ್ಕೂ ಒಂದು ಲೆಕ್ಕವಿದೆ. ಅಮೆರಿಕದ ಭಾಷಾತಜ್ಞ ಜಾರ್ಜ್ ಜಿಫ್ 1945ರಲ್ಲಿ ತೋರಿಸಿದ ಪ್ರಕಾರ, ಬಳಕೆ ನಾಲ್ಕು ಪಟ್ಟಾದರೆ ಅರ್ಥಗಳು ಸುಮಾರು ಎರಡು ಪಟ್ಟಾಗುತ್ತವೆ.

ಚಾರ್ಜ್‌ನ ಅರ್ಥಗಳೆಲ್ಲ ಒಂದೇ ಬೇರಿನಿಂದ ಬಂದವು. ಆ ಬೇರು ಒಂದು ಗಾಡಿ. ಪ್ರಾಚೀನ ಗಾಲ್ ದೇಶದ (ಇಂದಿನ ಫ್ರಾನ್ಸ್ ಭಾಗದ) ಕೆಲ್ಟಿಕ್ ಭಾಷೆಯಿಂದ ಲ್ಯಾಟಿನ್ನಿಗೆ ‘ಕರ್ರುಸ್’ ಎಂಬ ಪದ ಬಂತು; ಬಂಡಿ ಎಂದು ಅರ್ಥ. ಬಂಡಿಗೆ ಸರಕು ಹೇರುವುದಕ್ಕೆ ಮುಂದೆ ‘ಕರ್ರಿಕಾರೆ’ ಎಂದರು. ಅದು ಹಳೆಯ ಫ್ರೆಂಚಿನಲ್ಲಿ ‘ಶಾರ್ಜಿಯೇ’ ತರಹದ ರೂಪ ತಾಳಿ, ಸುಮಾರು 800 ವರ್ಷಗಳ ಹಿಂದೆ ಇಂಗ್ಲಿಷಿಗೆ ಚಾರ್ಜ್ ಆಗಿ ಸೇರಿತು. ಕಾರ್, ಕ್ಯಾರಿ, ಕಾರ್ಗೋ ಎಲ್ಲವೂ ಇದೇ ಮನೆಯವು. ವ್ಯಂಗ್ಯಚಿತ್ರಕ್ಕೆ ಹೇಳುವ ಕ್ಯಾರಿಕೇಚರ್ ಕೂಡ: ಮೂಗು, ಕಿವಿಗಳ ಮೇಲೆ ಅತಿಯಾಗಿ ‘ಹೇರಿದ’ ಚಿತ್ರ ಅದು.

ಹೊರೆ ಎಂಬ ಈ ಎಳೆ ಹಿಡಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಖರ್ಚಿನ ಹೊರೆ ಯಾರ ಮೇಲೆ ಬೀಳುತ್ತದೋ ಅದು ಅವರಿಗೆ ಬಸ್ ಚಾರ್ಜ್. ಕೆಲಸದ ಹೊರೆ ಹೊತ್ತವರು ಇನ್‌ಚಾರ್ಜ್. ಕನ್ನಡದ ‘ಪ್ರಭಾರ’ದೊಳಗೂ ‘ಭಾರ’ ಕುಳಿತಿರುವುದನ್ನು ಗಮನಿಸಿ. ಎರಡು ಭಾಷೆಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಡೆ ಬಂದು ನಿಂತಿವೆ. ತಪ್ಪಿನ ಹೊರೆಯನ್ನು ಕಾಗದದ ಮೇಲೆ ಹೊರಿಸಿದರೆ ಚಾರ್ಜ್‌ಶೀಟ್. (ಇಲ್ಲೊಂದು ಗೊಂದಲ ಪತ್ರಿಕೆಗಳಲ್ಲೂ ಕಾಣುತ್ತದೆ. ಚಾರ್ಜ್‌ಶೀಟ್ ಎಂಬುದು ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ವರದಿ. ಅದನ್ನು ನೋಡಿ ಇಂಥಿಂಥ ಅಪರಾಧಕ್ಕೆ ವಿಚಾರಣೆ ನಡೆಯಲಿ ಎಂದು ನ್ಯಾಯಾಧೀಶರು ತೀರ್ಮಾನಿಸುವುದು ಚಾರ್ಜ್ ಫ್ರೇಮ್, ಅಂದರೆ ಆರೋಪ ನಿಗದಿ. ಚಾರ್ಜ್‌ಶೀಟ್ ಬಿದ್ದ ಮಾತ್ರಕ್ಕೆ ಆರೋಪ ನಿಗದಿಯಾಯಿತು ಎನ್ನುವಂತಿಲ್ಲ.) ಹಿಂದೆ ಈಟಿಯನ್ನು ಇರಿಯುವ ಭಂಗಿಗೆ ತಂದು ಹಿಡಿಯುವುದಕ್ಕೂ ಚಾರ್ಜ್ ಎನ್ನುತ್ತಿದ್ದರು. ಹಾಗೆ ಹಿಡಿದು ಮೈಮೇಲೆ ನುಗ್ಗುವುದಕ್ಕೂ ಅದೇ ಹೆಸರು ಅಂಟಿತು. ಲಾಠಿ ಚಾರ್ಜ್ ಆ ಕವಲಿನದು. ಮೂಲ ಅರ್ಥಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಮಾತ್ರ ಹಮಾಲಿ ಚಾರ್ಜ್: ಗಾಡಿಗೆ ಚೀಲ ಹೇರಿದ್ದಕ್ಕೆ ಕೊಡುವ ಕೂಲಿ.

ಇಷ್ಟರಲ್ಲೂ ‘ಏನು ತುಂಬಿತು, ಯಾವುದಕ್ಕೆ ತುಂಬಿತು?’ ಎಂದು ಕೇಳಿದರೆ ನೇರ ಉತ್ತರ ಸಿಗುತ್ತದೆ. ವಿದ್ಯುತ್ತಿಗೆ ಬಂದಾಗ ಮಾತ್ರ ಈ ಪ್ರಶ್ನೆ ಕಾಲು ಜಾರುತ್ತದೆ. ಜನ ಬ್ಯಾಟರಿ ಹಾಳು ಮಾಡಿಕೊಳ್ಳುವುದು, ಪವರ್‌ಬ್ಯಾಂಕ್ ಕೊಂಡು ಮೋಸ ಹೋದೆವು ಎಂದುಕೊಳ್ಳುವುದು, ಕರೆಂಟ್ ಬಿಲ್ಲನ್ನು ತಪ್ಪು ತಿಳಿಯುವುದು, ಎಲ್ಲದರ ಹಿಂದೆಯೂ ಈ ಜಾರು ಇದೆ.

ಚಿತ್ರದುರ್ಗದ ಕೋಟೆ ನೋಡಿದವರಿಗೆ ಮದ್ದು ಬೀಸುವ ಕಲ್ಲುಗಳು ನೆನಪಿರುತ್ತವೆ. ಫಿರಂಗಿಗೆ ಬೇಕಾದ ಮದ್ದನ್ನು ಅರೆಯುತ್ತಿದ್ದ ಭಾರಿ ಕಲ್ಲುಗಳು ಅವು. ಒಂದು ಸಲ ಹಾರಿಸಲು ಫಿರಂಗಿಯ ಬಾಯಿಗೆ ತುಂಬುವ ಮದ್ದಿನ ಅಳತೆಗೆ ಇಂಗ್ಲಿಷಿನಲ್ಲಿ ಚಾರ್ಜ್ ಎಂದೇ ಹೆಸರು, ಹಾರಿಸಿದರೆ ಡಿಸ್ಚಾರ್ಜ್. ಕಲ್ಲಿನ ಕ್ವಾರಿಯಲ್ಲಿ ಕುಳಿ ಕೊರೆದು ತುಂಬುವ ಸ್ಫೋಟಕಕ್ಕೂ ಇವತ್ತಿಗೂ ಇದೇ ಪದ.

ವಿದ್ಯುತ್ತಿನ ಪ್ರಯೋಗಗಳು ಯುರೋಪಿನಲ್ಲಿ ಮನೆಮಾತಾದದ್ದು ಫಿರಂಗಿಗಳ ಕಾಲದಲ್ಲೇ. 1745–46ರಲ್ಲಿ ಲೈಡನ್ ಜಾಡಿ ಬಂತು; ಒಂದೆರಡು ವರ್ಷದಲ್ಲಿ ಅದು ಒಳಗೂ ಹೊರಗೂ ಲೋಹದ ತಗಡು ಹೊದಿಸಿದ ಗಾಜಿನ ಜಾಡಿಯ ರೂಪ ತಾಳಿತು. ಉಜ್ಜಿ ಹುಟ್ಟಿಸಿದ ವಿದ್ಯುತ್ತನ್ನು ಅದರ ಒಳತಗಡಿಗೆ ಕೊಟ್ಟು, ಆಮೇಲೆ ಒಳ–ಹೊರ ತಗಡುಗಳನ್ನು ಒಟ್ಟಿಗೆ ಮುಟ್ಟಿದರೆ ಮೈ ನಡುಗಿಸುವ ಏಟು ಬೀಳುತ್ತಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದ ಕೊನೆಯಲ್ಲಿ ಬರೆದ ಪತ್ರಗಳಲ್ಲಿ ಇದಕ್ಕೆ ಚಾರ್ಜ್, ಡಿಸ್ಚಾರ್ಜ್ ಎಂಬ ಪದಗಳನ್ನು ಬಳಸಿದ. ಹನ್ನೊಂದು ಗಾಜಿನ ಹಲಗೆಗಳನ್ನು ಹೀಗೆಯೇ ಸಿದ್ಧಮಾಡಿ ಒಟ್ಟು ಜೋಡಿಸಿದ್ದಕ್ಕೆ ಬ್ಯಾಟರಿ ಎಂದ. ಸೈನ್ಯದಲ್ಲಿ ಸಾಲಾಗಿ ನಿಲ್ಲಿಸಿದ ಫಿರಂಗಿಗಳ ಗುಂಪಿಗೆ ಆಗಲೇ ಆ ಹೆಸರಿತ್ತು. ವಿದ್ಯುತ್ತಿನ ಹೆಚ್ಚು–ಕಡಿಮೆಗಳಿಗೆ ಪ್ಲಸ್, ಮೈನಸ್ ಎಂದದ್ದೂ ಅವನೇ. ಕನ್ನಡದ ಪಠ್ಯಪುಸ್ತಕಗಳು ಇವನ್ನು ಧನಾವೇಶ, ಋಣಾವೇಶ ಎನ್ನುತ್ತವೆ.

ಆದರೆ ಪದ ಬಳಸಿದ ಫ್ರಾಂಕ್ಲಿನ್‌ಗೇ ಅದು ಹೊಂದುವುದಿಲ್ಲ ಎಂಬುದು ಬಹಳ ಬೇಗ ಗೊತ್ತಾಯಿತು. ಜಾಡಿಯ ಒಳತಗಡಿಗೆ ಎಷ್ಟು ವಿದ್ಯುತ್ತು ಸೇರುತ್ತದೋ ಸರಿಯಾಗಿ ಅಷ್ಟೇ ಹೊರತಗಡಿನಿಂದ ಹೊರಟುಹೋಗುತ್ತದೆ. ಹಾಗಾಗಿ ಚಾರ್ಜ್ ಆಯಿತು ಎನ್ನುವ ಜಾಡಿಯಲ್ಲಿ ಒಟ್ಟಾರೆ ವಿದ್ಯುತ್ತು ಮೊದಲಿಗಿಂತ ಹೆಚ್ಚೂ ಇಲ್ಲ, ಡಿಸ್ಚಾರ್ಜ್ ಆದ ಮೇಲೆ ಕಡಿಮೆಯೂ ಇಲ್ಲ ಎಂದು ಅವನು ಅದೇ ಪತ್ರಗಳಲ್ಲಿ ಸ್ಪಷ್ಟವಾಗಿ ಬರೆದ. ಅಷ್ಟರಲ್ಲಿ ಪದ ಊರೆಲ್ಲ ಹಬ್ಬಿತ್ತು. ನಾವು ಇಂದಿಗೂ ಅದನ್ನೇ ಹೇಳುತ್ತಿದ್ದೇವೆ.

ಫೋನಿನ ಬ್ಯಾಟರಿಗೂ ಆ ಮಾತು ಹಾಗೆಯೇ ಅನ್ವಯಿಸುತ್ತದೆ. ನೂರು ಪರ್ಸೆಂಟ್ ಆದ ಬ್ಯಾಟರಿಯಲ್ಲಿರುವ ಎಲೆಕ್ಟ್ರಾನ್‌ಗಳಿಗೂ ಸೊನ್ನೆಗಿಳಿದ ಬ್ಯಾಟರಿಯಲ್ಲಿರುವ ಎಲೆಕ್ಟ್ರಾನ್‌ಗಳಿಗೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಚಾರ್ಜರ್ ಒಂದು ತುದಿಯಿಂದ ಎಷ್ಟು ಎಲೆಕ್ಟ್ರಾನ್ ತಳ್ಳುತ್ತದೋ ಇನ್ನೊಂದು ತುದಿಯಿಂದ ಅಷ್ಟನ್ನೂ ಎಳೆದುಕೊಳ್ಳುತ್ತದೆ. ಸಂಪಿನ ನೀರನ್ನು ಮೋಟರ್ ಹಾಕಿ ಮಹಡಿಯ ಟ್ಯಾಂಕಿಗೆ ಏರಿಸಿದಂತೆ: ಮನೆಯ ಒಟ್ಟು ನೀರು ಅಷ್ಟೇ ಇರುತ್ತದೆ, ಎತ್ತರ ಮಾತ್ರ ಬದಲಾಗುತ್ತದೆ. ಬ್ಯಾಟರಿಗೆ ಸೇರುವುದು ಶಕ್ತಿ. ಲೀಥಿಯಂ ಅಯಾನುಗಳು ಒಂದು ಪದರದಿಂದ ಗ್ರಾಫೈಟ್ ಪದರಕ್ಕೆ ಹೋಗಿ ಕೂರುತ್ತವೆ. ಫೋನ್ ಬಳಸುವಾಗ ವಾಪಸ್ ಬರುತ್ತವೆ.

ವಿಜ್ಞಾನದಲ್ಲಿ ಚಾರ್ಜ್, ಅಂದರೆ ವಿದ್ಯುದಾವೇಶ, ಒಂದು ಖಚಿತ ಅಳತೆ. ಅದರ ಮೂಲಮಾನ ಕೂಲಂಬ್. ಆವೇಶಗಳ ನಡುವಿನ ಬಲವನ್ನು 1785ರಲ್ಲಿ ಅಳೆದ ಫ್ರೆಂಚ್ ವಿಜ್ಞಾನಿ ಶಾರ್ಲ್ ಕೂಲಂಬ್‌ನ ಹೆಸರು ಅದು. ಒಂದು ಕೂಲಂಬ್ ಅಂದರೆ ಸುಮಾರು 62,400 ಕೋಟಿ ಕೋಟಿ ಎಲೆಕ್ಟ್ರಾನ್‌ಗಳ ಆವೇಶ. ಫೋನಿನ ಮೇಲೆ ಬರೆದಿರುವ 5,000 ಎಂಎಎಚ್ (ಮಿಲಿಆಂಪಿಯರ್ ಗಂಟೆ) ಎಂಬುದೂ ಕೂಲಂಬ್‌ನ ಲೆಕ್ಕವೇ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ 3,600 ಕೂಲಂಬ್. 5,000 ಎಂಎಎಚ್ ಅಂದರೆ 5 ಆಂಪಿಯರ್ ಗಂಟೆ, ಒಟ್ಟು 18,000 ಕೂಲಂಬ್. ಇಷ್ಟು ಆವೇಶ ಬ್ಯಾಟರಿಯ ಮೂಲಕ ಹಾದುಹೋಗಬಲ್ಲದು ಎಂದರ್ಥವೇ ಹೊರತು ಬ್ಯಾಟರಿಯಲ್ಲಿ ತುಂಬಿಕೊಂಡಿದೆ ಎಂದಲ್ಲ.

ತುಂಬಿಕೊಂಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಲೆಕ್ಕ ಹಾಕಬಹುದು. ಒಂದೊಂದು ಕೂಲಂಬ್ ಆವೇಶವಿರುವ ಎರಡು ವಸ್ತುಗಳನ್ನು ಒಂದು ಮೀಟರ್ ದೂರದಲ್ಲಿಟ್ಟರೆ ಅವುಗಳ ನಡುವಿನ ಬಲ 900 ಕೋಟಿ ನ್ಯೂಟನ್. ಸುಮಾರು 9 ಲಕ್ಷ ಟನ್ ತೂಕಕ್ಕೆ ಸಮ. 18,000 ಕೂಲಂಬನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವ ಮಾತೇ ಇಲ್ಲ.

ನಿಜವಾದ ಆವೇಶ ಒಂದು ಕಡೆ ಸೇರುವ ಜಾಗಗಳು ಬೇರೆ ಇವೆ, ಮತ್ತು ಅಲ್ಲಿ ಸೇರುವ ಮೊತ್ತ ತೀರ ಚಿಕ್ಕದು. ಚಳಿಗಾಲ ಮುಗಿದು ಗಾಳಿ ಒಣಗಿದಾಗ ಟೆರಿಲಿನ್ ಅಂಗಿ ಕಳಚಿದರೆ ಚಟಪಟ ಎನ್ನುತ್ತದಲ್ಲ, ಆಗ ಮೈಮೇಲಿರುವುದು ಹೆಚ್ಚೆಂದರೆ ಒಂದು ಕೂಲಂಬ್‌ನ ಹತ್ತು ಲಕ್ಷದ ಒಂದು ಭಾಗದ ಆಸುಪಾಸು. ಅಷ್ಟಕ್ಕೇ ವೋಲ್ಟೇಜ್ ಹತ್ತು ಸಾವಿರ ಮುಟ್ಟಬಹುದು. ಆ ಕಿಡಿಯ ಶಕ್ತಿ ಸುಮಾರು 5 ಮಿಲಿಜೌಲ್. ಪೆಟ್ರೋಲಿನ ಆವಿ ಹೊತ್ತಲು ಅದರ ಇಪ್ಪತ್ತನೇ ಒಂದು ಭಾಗ ಸಾಕು. ಹೆದ್ದಾರಿ ಬದಿಯ ಬಂಕಿನಲ್ಲಿ ಟ್ಯಾಂಕರ್ ಬಂದು ನಿಂತಾಗ ಪೈಪ್ ಜೋಡಿಸುವ ಮೊದಲು ತಂತಿಯ ಕ್ಲಿಪ್ ಒಂದನ್ನು ಟ್ಯಾಂಕರಿನ ಮೈಗೆ ಕಚ್ಚಿಸುತ್ತಾರೆ. ಪೈಪಿನಲ್ಲಿ ಹರಿಯುವಾಗ ಪೆಟ್ರೋಲು ಉಜ್ಜಿಕೊಂಡು ಹುಟ್ಟುವ ಆವೇಶ ನೆಲಕ್ಕೆ ಇಳಿದುಹೋಗಲಿ ಎಂಬ ಕಾರಣಕ್ಕೆ. ಕ್ಲಿಪ್ ಹಾಕುವ ಜಾಗದಲ್ಲಿ ಬಣ್ಣ, ಜಿಡ್ಡು, ತುಕ್ಕು ಇದ್ದರೆ ತಂತಿ ಇದ್ದೂ ಇಲ್ಲದಂತೆ. ಬರಿ ಲೋಹಕ್ಕೆ ಕಚ್ಚಿಸಬೇಕು.

ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಂಥ ಹತ್ತಿ ಗಿರಣಿಗಳ ಊರಿಗೆ ಈ ಆವೇಶ ಹೊಸದಲ್ಲ. ಹತ್ತಿಯ ಎಳೆ ಯಂತ್ರದ ಲೋಹಕ್ಕೆ ಉಜ್ಜಿ ಉಜ್ಜಿ ಆವೇಶ ಹೊತ್ತುಕೊಂಡರೆ ಒಂದೇ ಬಗೆಯ ಆವೇಶದ ಎಳೆಗಳು ಪರಸ್ಪರ ದೂರ ತಳ್ಳಿಕೊಳ್ಳುತ್ತವೆ. ನೂಲು ಕೆದರುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ, ತುಂಡಾಗುತ್ತದೆ. ಅದಕ್ಕೇ ನೂಲುವ ಖಾತೆಯಲ್ಲಿ ಮಂಜಿನಂತೆ ನೀರು ಸಿಂಪಡಿಸಿ ಗಾಳಿಯ ತೇವವನ್ನು ಸುಮಾರು ಶೇ 55–65ರಲ್ಲಿ ಹಿಡಿದಿಡುತ್ತಾರೆ. ತೇವ ಹೀರಿದ ಹತ್ತಿಯ ಮೇಲೆ ಆವೇಶ ನಿಲ್ಲುವುದಿಲ್ಲ, ಜಾರಿಹೋಗುತ್ತದೆ. ನೀರನ್ನೇ ಹೀರದ ಪಾಲಿಯೆಸ್ಟರಿಗೆ ಈ ಉಪಾಯ ಅಷ್ಟಾಗಿ ನಡೆಯದು.

ಸಿಡಿಲಿನದು ಇನ್ನೂ ಅಚ್ಚರಿಯ ಲೆಕ್ಕ. ಅಷ್ಟೆಲ್ಲ ಅಬ್ಬರಿಸಿ ಒಂದು ಸಿಡಿಲು ನೆಲಕ್ಕೆ ಇಳಿಸುವ ಆವೇಶ ಸಾಮಾನ್ಯವಾಗಿ ಹತ್ತಿಪ್ಪತ್ತು ಕೂಲಂಬ್. ರಾತ್ರಿ ಮೂಲೆಯಲ್ಲಿ ಸದ್ದಿಲ್ಲದೆ ಚಾರ್ಜಿಗಿಟ್ಟ ಫೋನಿನ ತಂತಿಯಲ್ಲಿ ಹಾದುಹೋಗುವುದು ಅದರ ಸಾವಿರ ಪಟ್ಟು. ಸಿಡಿಲು ಕೊಲ್ಲುವುದು ಕೋಟ್ಯಂತರ ವೋಲ್ಟಿನ ಒತ್ತಡದಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಇಳಿಯುವುದರಿಂದ. ಆವೇಶ ಎಷ್ಟು ಎಂಬುದರಿಂದಷ್ಟೇ ಶಕ್ತಿ ತಿಳಿಯುವುದಿಲ್ಲ. ಎಷ್ಟು ವೋಲ್ಟಿನಲ್ಲಿ ಎಂಬುದೂ ಗೊತ್ತಿರಬೇಕು.

ಪವರ್‌ಬ್ಯಾಂಕ್ ಕೊಂಡವರು ತಪ್ಪುವುದು ಇಲ್ಲಿಯೇ. 10,000 ಎಂಎಎಚ್‌ನದು ತಂದರೆ 5,000ದ ಫೋನನ್ನು ಎರಡು ಸಲ ತುಂಬಿಸಬೇಕಲ್ಲ ಎಂಬುದು ಲೆಕ್ಕ. ಒಂದೂಕಾಲು, ಒಂದೂವರೆ ಸಲಕ್ಕೆ ಅದು ಕೈ ಎತ್ತುತ್ತದೆ. ಕಾರಣ ಹೀಗಿದೆ. ಆ 10,000 ಒಳಗಿನ ಸೆಲ್ಲಿನ ಅಂಕಿ, ಅದು 3.7 ವೋಲ್ಟಿನದು. 10 ಆಂಪಿಯರ್ ಗಂಟೆಯನ್ನು 3.7 ವೋಲ್ಟಿನಿಂದ ಗುಣಿಸಿದರೆ ಶಕ್ತಿ ಲೆಕ್ಕದಲ್ಲಿ 37 ವ್ಯಾಟ್ ಗಂಟೆ. ಯುಎಸ್‌ಬಿ ತಂತಿಯಲ್ಲಿ ಹೊರಬರುವುದು 5 ವೋಲ್ಟ್. 37ನ್ನು 5ರಿಂದ ಭಾಗಿಸಿದರೆ 7.4 ಆಂಪಿಯರ್ ಗಂಟೆ, ಅಂದರೆ 7,400 ಎಂಎಎಚ್; ಅಂಕಿ ಇಳಿದರೂ ಶಕ್ತಿ ಅಷ್ಟೇ. ಫೋನಿಗೆ ಸಿಗುವುದು ಕಡಿಮೆಯಾಗುವುದು, ವೋಲ್ಟೇಜ್ ಏರಿಸುವಾಗ, ಮತ್ತೆ ಫೋನಿನೊಳಗೆ ಇಳಿಸುವಾಗ ಸಾಕಷ್ಟು ಶಕ್ತಿ ಬಿಸಿಯಾಗಿ ಹೋಗುವುದರಿಂದ. ಕೊಳ್ಳುವಾಗ ಎಂಎಎಚ್ ಬಿಟ್ಟು ವ್ಯಾಟ್ ಗಂಟೆಯ ಅಂಕಿ ಓದಬೇಕು. ಪೆಟ್ಟಿಗೆಯ ಹಿಂದೆ ಸಣ್ಣ ಅಕ್ಷರದಲ್ಲಿ ಅದಿರುತ್ತದೆ. ‘ರೇಟೆಡ್ ಕೆಪಾಸಿಟಿ’ ಎಂಬ ಇನ್ನೊಂದು ಸಣ್ಣ ಅಂಕಿ ಇದ್ದರೆ ಹೊರಗೆ ಸಿಗುವುದು ಅಷ್ಟೇ.

ಫೋನಿನ ಪರ್ಸೆಂಟು ಕೂಡ ಅಳೆದ ಅಂಕಿಯಲ್ಲ, ಅಂದಾಜು. ಬ್ಯಾಟರಿಯ ಪಕ್ಕದ ಚಿಪ್ ಒಂದು ಒಳಹೋದ, ಹೊರಬಂದ ಕೂಲಂಬ್‌ಗಳನ್ನು ಎಣಿಸುತ್ತಾ, ವೋಲ್ಟೇಜನ್ನೂ ನೋಡುತ್ತಾ ಊಹಿಸುತ್ತದೆ. ಬ್ಯಾಟರಿ ಹಳತಾದರೆ ಊಹೆ ಕೆಡುತ್ತದೆ. 15 ಪರ್ಸೆಂಟ್ ತೋರಿಸುತ್ತಿದ್ದ ಫೋನ್ ತಟ್ಟನೆ ಆರಿಹೋಗುವುದು ಅದಕ್ಕೆ. ಎಂಬತ್ತರವರೆಗೆ ಬೇಗ ಏರಿ ಆಮೇಲೆ ನಿಧಾನವಾಗುವುದು ಮಾತ್ರ ದೋಷವಲ್ಲ. ಸೆಲ್ಲಿನ ವೋಲ್ಟೇಜ್ 4.2ರ ಹತ್ತಿರ ಬಂದ ಮೇಲೆ ಚಾರ್ಜರ್ ವೋಲ್ಟೇಜನ್ನು ಅಲ್ಲೇ ಹಿಡಿದು ಕರೆಂಟನ್ನು ಇಳಿಸುತ್ತಾ ಹೋಗುತ್ತದೆ. ಹಾಗೆ ಮಾಡದಿದ್ದರೆ ಲೀಥಿಯಂ ಗ್ರಾಫೈಟಿನೊಳಗೆ ಸೇರುವ ಬದಲು ಮೇಲೆಯೇ ಲೋಹವಾಗಿ ಕಟ್ಟಿ ಬ್ಯಾಟರಿ ಹಾಳಾಗುತ್ತದೆ.

ಟ್ರ್ಯಾಕ್ಟರ್, ಯುಪಿಎಸ್‌ಗಳ ಸೀಸದ ಬ್ಯಾಟರಿಯಲ್ಲಿ ಚಾರ್ಜ್ ಅಂದರೆ ಏನು ಎಂಬುದನ್ನು ಕಣ್ಣಾರೆ ನೋಡಬಹುದು. ಅಂಗಡಿಯವರು ಗಾಜಿನ ಕೊಳವೆಯ ಹೈಡ್ರೋಮೀಟರ್ ಅದ್ದಿ ‘ಗ್ರಾವಿಟಿ 1250 ಐತಿ’ ಎನ್ನುತ್ತಾರಲ್ಲ, ಅದೇ; ಬರಿ ನೀರನ್ನು 1000 ಎಂದಿಟ್ಟುಕೊಂಡರೆ ಈ ದ್ರವ ಎಷ್ಟು ಭಾರ ಎಂಬ ಅಂಕಿ ಅದು. ಬ್ಯಾಟರಿ ಬಳಸುವಾಗ ನೀರಿನಲ್ಲಿರುವ ಗಂಧಕಾಮ್ಲ ಪ್ಲೇಟುಗಳೊಳಗೆ ಸೇರಿ ಸೀಸದ ಸಲ್ಫೇಟ್ ಆಗುತ್ತದೆ. ಉಳಿದ ದ್ರವ ತೆಳ್ಳಗಾಗುತ್ತದೆ. ಚಾರ್ಜ್ ಮಾಡಿದರೆ ಆಮ್ಲ ಪ್ಲೇಟು ಬಿಟ್ಟು ಮತ್ತೆ ನೀರಿಗೆ ಬರುತ್ತದೆ. ಪೂರ್ತಿ ಚಾರ್ಜ್ ಆದಾಗ ಗ್ರಾವಿಟಿ 1260ರಿಂದ 1280, ಪೂರ್ತಿ ಇಳಿದಾಗ 1120–1150. ಆರು ಸೆಲ್ಲುಗಳಲ್ಲಿ ಐದರದು 1260 ಇದ್ದು ಒಂದರದು 1180 ಇದ್ದರೆ ಆ ಒಂದು ಸೆಲ್ ಹೋಗಿದೆ. ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಬ್ಯಾಟರಿ ನಿಲ್ಲುವುದಿಲ್ಲ.

ಹೆಚ್ಚಿನ ಬ್ಯಾಟರಿ ಸಾಯುವುದು ಎರಡು ತಪ್ಪಿಗೆ. ಒಂದು, ಗ್ರಾವಿಟಿ ಇಳಿದಿದೆ ಎಂದು ಆಸಿಡ್ ಸುರಿಯುವುದು. ಆಮ್ಲ ಎಲ್ಲೂ ಹೋಗಿಲ್ಲ, ಪ್ಲೇಟಿನೊಳಗಿದೆ. ಹೊರಗಿನಿಂದ ಮತ್ತಷ್ಟು ಸುರಿದು ಚಾರ್ಜ್ ಮಾಡಿದರೆ ಅದು ಹೆಚ್ಚಾಗಿ ಪ್ಲೇಟನ್ನು ತಿನ್ನುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಆದ್ದರಿಂದ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್ ನೀರು ಹಾಕಿದರೆ ಅದರ ಲವಣಗಳು ಒಳಗೇ ಉಳಿದು ಬ್ಯಾಟರಿ ತಾನಾಗಿ ಇಳಿಯುತ್ತಿರುತ್ತದೆ. ನೀರು ತುಂಬುವುದು ಚಾರ್ಜ್ ಆದ ಮೇಲೆ. ಮೊದಲೇ ಗೆರೆಯವರೆಗೆ ತುಂಬಿದರೆ ಚಾರ್ಜಿನಲ್ಲಿ ದ್ರವ ಉಬ್ಬಿ ಆಸಿಡ್ ಹೊರಚೆಲ್ಲುತ್ತದೆ. ಪ್ಲೇಟೇ ಬಯಲಾಗಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲು ಹಾಕಿಕೊಳ್ಳಬೇಕು. ಎರಡನೆಯ ತಪ್ಪು, ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಡುವುದು. ಸುಗ್ಗಿ ಮುಗಿದ ಮೇಲೆ ಶೆಡ್ಡಿನಲ್ಲಿ ನಿಂತ ಟ್ರ್ಯಾಕ್ಟರಿಗೆ ಆಗುವುದು ಇದೇ. ಪ್ಲೇಟಿನ ಮೇಲಿನ ಸಲ್ಫೇಟ್ ಗಟ್ಟಿ ಹರಳಾಗಿ ಕೂತರೆ ಆಮೇಲೆ ಚಾರ್ಜರಿಗೂ ಕರಗುವುದಿಲ್ಲ.

ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದರೆ ತುಂಬಿದ 12 ವೋಲ್ಟಿನ ಬ್ಯಾಟರಿ 12.6 ಅಥವಾ 12.7 ತೋರಿಸುತ್ತದೆ. ಅರ್ಧಕ್ಕೆ 12.2, ಬರಿದಾದಾಗ 11.9ಕ್ಕಿಂತ ಕಡಿಮೆ. ವೋಲ್ಟೇಜ್ ಸರಿಯಿದ್ದೂ ಸೆಲ್ಫ್ ಹೊಡೆದ ತಕ್ಷಣ ಕುಸಿದರೆ ಪ್ಲೇಟಿನ ಬಹುಭಾಗ ಕೆಲಸಕ್ಕೆ ಬಾರದಾಗಿದೆ ಎಂದು ತಿಳಿಯಬೇಕು. ನಿಧಾನ ಚಾರ್ಜಿಗೆ ಕರೆಂಟು ಆಂಪಿಯರ್ ಗಂಟೆಯ ಹತ್ತನೇ ಒಂದು ಭಾಗ: 150ರ ಬ್ಯಾಟರಿಗೆ 15 ಆಂಪಿಯರ್, ಹತ್ತು ಹನ್ನೆರಡು ಗಂಟೆ. ಕೊನೆಯಲ್ಲಿ ಗುಳ್ಳೆ ಏಳುವುದು ಹೈಡ್ರೋಜನ್ ಮತ್ತು ಆಕ್ಸಿಜನ್. ಕಿಟಕಿ ತೆರೆದಿರಬೇಕು, ನೀರು ಎಷ್ಟಿದೆ ನೋಡಲು ಬೆಂಕಿಕಡ್ಡಿ ಗೀರಬಾರದು.

ಕರೆಂಟ್ ಬಿಲ್ಲಿನ ವಿಷಯದಲ್ಲಿ ಪದ ಇನ್ನೊಂದು ತಿರುವು ಪಡೆಯುತ್ತದೆ. ‘ಎನರ್ಜಿ ಚಾರ್ಜ್’ ಎಂದು ಬರೆದಿರುವುದು ಬಳಸಿದ ಶಕ್ತಿಯ ಬೆಲೆ, ‘ಫಿಕ್ಸೆಡ್ ಚಾರ್ಜ್’ ಎಂಬುದು ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ಕಟ್ಟುವ ಮೊತ್ತ. ವಿದ್ಯುದಾವೇಶಕ್ಕೆ ನಾವು ಒಂದು ಪೈಸೆಯನ್ನೂ ಕೊಡುವುದಿಲ್ಲ. ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರದಿಂದ ಹೊರಟ ಎಲೆಕ್ಟ್ರಾನ್ ನಮ್ಮ ಮನೆಯ ಬಲ್ಬಿಗೆ ಬರುವುದೇ ಇಲ್ಲ. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 5 ಆಂಪಿಯರ್ ಹರಿಯುವಾಗ ಎಲೆಕ್ಟ್ರಾನ್‌ಗಳ ನಡಿಗೆ ಸೆಕೆಂಡಿಗೆ ಕಾಲು ಮಿಲಿಮೀಟರ್. ಅದೂ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತ ಹಿಂದೆ ಮುಂದೆ ಆಗುವುದರಿಂದ ಅವು ಮಿಲಿಮೀಟರಿನ ಸಾವಿರದ ಒಂದೆರಡು ಭಾಗದಷ್ಟು ಅಲುಗಿ ಅಲ್ಲಲ್ಲೇ ಇರುತ್ತವೆ. ತಂತಿ ಎಳೆದ ದಿನ ಅದರಲ್ಲಿದ್ದ ಎಲೆಕ್ಟ್ರಾನ್‌ಗಳೇ ಕೆಲಸ ಮಾಡುವುದು. ಮೀಟರು ಎಣಿಸುವುದು ಶಕ್ತಿಯನ್ನು: ಒಂದು ಯೂನಿಟ್ ಅಂದರೆ ಸಾವಿರ ವ್ಯಾಟ್ ಗಂಟೆ. 5,000 ಎಂಎಎಚ್ ಫೋನಿನ ಬ್ಯಾಟರಿ 19 ವ್ಯಾಟ್ ಗಂಟೆಯದು; ಚಾರ್ಜರಿನ ನಷ್ಟ ಕಳೆದರೂ ಒಂದು ಯೂನಿಟ್ಟಿನಲ್ಲಿ ನಲವತ್ತು ಸಲ ತುಂಬಬಹುದು. ಫೋನ್ ಚಾರ್ಜಿಗೆ ಹಾಕಿ ಬಿಲ್ಲು ಏರಿತು ಎಂಬ ಮಾತಿಗೆ ಹುರುಳಿಲ್ಲ.

ಡಿಸ್ಚಾರ್ಜ್‌ಗೆ ಹೊರೆ ಇಳಿಸುವುದೆಂಬ ನೇರ ಅರ್ಥ. ನೀರಾವರಿಯವರು ಹೊಳೆಯಲ್ಲಿ, ಕಾಲುವೆಯಲ್ಲಿ ಹರಿಯುವ ನೀರಿನ ಪ್ರಮಾಣಕ್ಕೆ ಇದನ್ನು ಬಳಸುತ್ತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್, ದಿನಕ್ಕೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ಲೀಟರ್. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಯವರೆಲ್ಲ ಈ ಅಂಕಿಗಳನ್ನು ಬಾಯಿಪಾಠ ಮಾಡಿದ್ದರು.

ರೀಚಾರ್ಜ್‌ನಲ್ಲಿ ಮೂರು ಬಗೆ ಕಾಣುತ್ತದೆ. ಮೊಬೈಲ್ ರೀಚಾರ್ಜ್ ಮಾಡಿದರೆ ಕಂಪನಿಯ ಖಾತೆಯಲ್ಲೊಂದು ನಮೂದು. ಬ್ಯಾಟರಿ ರೀಚಾರ್ಜ್ ಮಾಡಿದರೆ ಶಕ್ತಿ. ಬೋರ್‌ವೆಲ್ ರೀಚಾರ್ಜಿನಲ್ಲಿ ಮಾತ್ರ ಮುಟ್ಟಿ ನೋಡಬಹುದಾದ ಪದಾರ್ಥ ನಿಜವಾಗಿ ಒಳಗೆ ಸೇರುತ್ತದೆ. ಚಿತ್ರದುರ್ಗದಂಥ ಜಿಲ್ಲೆಗೆ ಬೇಕಾದದ್ದು ಈ ಮೂರನೆಯದು.

ಇಲ್ಲಿಯ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಬಿದ್ದ ಮಳೆಯಲ್ಲಿ ಇಂತಹ ನೆಲಕ್ಕೆ ತಾನಾಗಿ ಇಂಗುವುದು ಸ್ಥೂಲವಾಗಿ ಶೇ 5ರಿಂದ 11. ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದುಕೊಂಡರೆ ಒಂದು ಎಕರೆಯ ಮೇಲೆ ಬೀಳುವ ನೀರು 20 ಲಕ್ಷ ಲೀಟರ್. ಅದರ ಹತ್ತನೇ ಒಂದು ಭಾಗ 2 ಲಕ್ಷ. ಗಂಟೆಗೆ 5,000 ಲೀಟರ್ ಎತ್ತುವ ಪಂಪನ್ನು ದಿನಕ್ಕೆ ಆರು ಗಂಟೆ ಓಡಿಸಿದರೆ ಒಂದು ಎಕರೆಯ ಇಡೀ ವರ್ಷದ ರೀಚಾರ್ಜ್ ಒಂದು ವಾರದಲ್ಲಿ ಮುಗಿಯಿತು. ಅಂತರ್ಜಲ ಮಂಡಳಿಯವರು ತಾಲ್ಲೂಕುಗಳನ್ನು ವಿಂಗಡಿಸುವುದೂ ಇದೇ ಲೆಕ್ಕದಿಂದ: ವರ್ಷಕ್ಕೆ ಇಂಗಿದ್ದಕ್ಕಿಂತ ಹೆಚ್ಚು ಎತ್ತಿದರೆ ‘ಅತಿಬಳಕೆ’, ಶೇ 70ರೊಳಗಿದ್ದರೆ ಮಾತ್ರ ‘ಸುರಕ್ಷಿತ’.

ಬೋರಿನ ಸುತ್ತ ಇಂಗುಗುಂಡಿ ಮಾಡುವಾಗ ಅಗಲ, ಉದ್ದ, ಆಳ ಹತ್ತತ್ತು ಅಡಿ ಇರಲಿ. ಮೊದಲು ಕೇಸಿಂಗ್ ಬಾಯಿಗೆ ಭದ್ರವಾಗಿ ಮುಚ್ಚಳ ಹಾಕಿಕೊಳ್ಳಬೇಕು. ಅಗೆಯುವಾಗ ಒಂದು ಕಲ್ಲು ಒಳಗೆ ಬಿದ್ದರೆ ಮೋಟರ್ ಎತ್ತಲಾಗದೆ ಬೋರೇ ಹೋಗುತ್ತದೆ. ಗುಂಡಿಯ ತಳದಿಂದ ಒಂದೆರಡು ಅಡಿ ಎತ್ತರದವರೆಗೆ ಕೇಸಿಂಗ್ ಪೈಪಿಗೆ ಸಣ್ಣ ತೂತುಗಳನ್ನು ಕೊರೆದು, ಅದರ ಮೇಲೆ ನೈಲಾನ್ ಜಾಲರಿಯನ್ನು ಎರಡು ಮೂರು ಸುತ್ತು ಬಿಗಿಯಾಗಿ ಕಟ್ಟಬೇಕು. ತಳದ ಅರ್ಧ ಭಾಗಕ್ಕೆ ದಪ್ಪ ಕಲ್ಲು, ಮೇಲೆ 40 ಮಿಲಿಮೀಟರ್ ಜಲ್ಲಿ, ಅದರ ಮೇಲೆ 20 ಮಿಲಿಮೀಟರ್ ಜಲ್ಲಿ, ಮತ್ತೊಂದು ಜಾಲರಿ ಹಾಸಿ ಕೊನೆಗೆ ಒಂದಡಿ ದಪ್ಪ ಮರಳು. ಹೊಲದಿಂದ ಹರಿದು ಬರುವ ನೀರು ನೇರ ಗುಂಡಿಗೆ ಬೀಳಬಾರದು, ಪಕ್ಕದಲ್ಲೊಂದು ಹೂಳುತೊಟ್ಟಿಯಲ್ಲಿ ನಿಂತು, ಮಣ್ಣು ತಳಕ್ಕೆ ಕೂತು, ತುಂಬಿ ಚೆಲ್ಲಿದ ತಿಳಿನೀರು ಬರಬೇಕು. ಮನೆಯ ಚರಂಡಿ, ಕೊಟ್ಟಿಗೆಯ ನೀರು, ಆಗಷ್ಟೇ ಔಷಧಿ ಹೊಡೆದ ಹೊಲದ ನೀರನ್ನು ಬಿಡಲೇಬಾರದು. ಮರಳು ಮಣ್ಣನ್ನು ತಡೆಯುತ್ತದೆಯೇ ವಿನಾ ಕರಗಿದ ವಿಷವನ್ನಲ್ಲ, ಮತ್ತು ಬಿರುಕಿನೊಳಗೆ ಸೇರಿದ ವಿಷ ಸುತ್ತಲಿನ ಬೋರುಗಳಿಗೂ ಹೋಗುತ್ತದೆ.

ಊರಿನ ಮನೆಯವರಿಗೆ ಇನ್ನೂ ಸುಲಭ. ಸಾವಿರ ಚದರ ಅಡಿಯ ತಾರಸಿಯ ಮೇಲೆ 500 ಮಿಲಿಮೀಟರ್ ಮಳೆ ಅಂದರೆ 46,000 ಲೀಟರ್. ಆವಿಯಾಗುವುದು, ಚೆಲ್ಲಿಹೋಗುವುದು ಕಳೆದು ಶೇ 80 ಹಿಡಿದರೂ 37,000 ಲೀಟರ್. ಹಂಗಾಮಿನ ಮೊದಲ ಒಂದೆರಡು ಮಳೆಯ ನೀರನ್ನು ಧೂಳು, ಹಕ್ಕಿಯ ಹಿಕ್ಕೆ ತೊಳೆದುಹೋಗಲಿ ಎಂದು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ಇಂಗುಗುಂಡಿಗೆ ಬಿಟ್ಟರಾಯಿತು.

ಇಂಗುಗುಂಡಿ ಕೆಡುವುದು ಹೆಚ್ಚಾಗಿ ಎರಡನೇ ಮೂರನೇ ವರ್ಷದಲ್ಲಿ. ಕೆಂಪು ಮಣ್ಣಿನ ನುಣುಪು ಜೇಡಿ ಮರಳಿನ ಮೇಲೆ ಪದರವಾಗಿ ಕಟ್ಟಿಕೊಂಡರೆ ಗುಂಡಿಯಲ್ಲಿ ನೀರು ದಿನಗಟ್ಟಲೆ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಗುಂಡಿ ತುಂಬಿ ನಿಂತಿರುವುದನ್ನು ನೋಡಿ ರೀಚಾರ್ಜ್ ಚೆನ್ನಾಗಿ ಆಗುತ್ತಿದೆ ಎಂದು ಸಂತೋಷಪಡುವವರೇ ಹೆಚ್ಚು. ನಿಂತ ನೀರು ಇಂಗದ ನೀರು. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ, ಮೇಲಿನ ಎರಡು ಮೂರು ಇಂಚು ಮರಳನ್ನು ಕೆರೆದು ತೆಗೆದು ಹೊಸ ಮರಳು ಹಾಕಿ, ಹೂಳುತೊಟ್ಟಿಯನ್ನು ಬರಿದು ಮಾಡಬೇಕು. ಮಳೆ ನಿಂತ ಮೇಲೆ ಗುಂಡಿಯ ಅಂಚಿನಲ್ಲಿ ನೀರಿನ ಮಟ್ಟಕ್ಕೊಂದು ಗುರುತು ಹಾಕಿ, ಮರುದಿನ ಬೆಳಗ್ಗೆ ಎಷ್ಟು ಅಡಿ ಇಳಿದಿದೆ ಎಂದು ಅಳೆದರೆ ಒಳಗೆ ಎಷ್ಟು ಹೋಯಿತು ಎಂಬುದು ಗೊತ್ತಾಗುತ್ತದೆ. ಹತ್ತಕ್ಕೆ ಹತ್ತರ ಗುಂಡಿಯಲ್ಲಿ, ಮರಳಿನ ಮೇಲೆ ನಿಂತ ನೀರು ಒಂದಡಿ ಇಳಿದರೆ 2,800 ಲೀಟರ್.